ಹಕ್ಕಿ ಬಂತು, ಒಡ್ಡು ಕಟ್ಟಿದವರು ಎಲ್ಲಿ?



ನಮ್ಮ ಜಿಲ್ಲೆಯ ಅಘನಾಶಿನಿ ಅಳಿವೆ 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು. ಅಂದರೆ ಇದು ಜಗತ್ತಿಗೇ ಬೇಕಾದ ಜೌಗುಭೂಮಿ. ವಿಸ್ತಾರ 4,801 ಹೆಕ್ಟೇರ್. ಮೊಬೈಲಿನಲ್ಲಿ ನಾನು ನೋಡಿದ ಇದರ ವಿಡಿಯೋಗಳಲ್ಲಿ ಹಕ್ಕಿ, ದೋಣಿ, ಸೂರ್ಯಾಸ್ತವೇ ಹೆಚ್ಚು. ಚಂದವೇನೋ ಹೌದು. ಆದರೆ ಈ ನೆಲ-ನೀರು ನೋಡಿಕೊಂಡು ಬಂದವರು ಯಾರು?

ಇಲ್ಲಿನ ಗಜನಿ ಗದ್ದೆಗಳಲ್ಲಿ ಹಾಲಕ್ಕಿ ಒಕ್ಕಲಿಗರೂ ಇತರ ರೈತರೂ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರು ನುಗ್ಗಿದರೂ, ಕೆಲವು ದಿನ ಮುಳುಗಿದರೂ ಸಾಯದ ಭತ್ತ ಅದು. ಗೊಬ್ಬರ, ಔಷಧಿ ಬೇಕಿಲ್ಲ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟರೆ ಸಿಗಡಿ, ಮೀನು. ಇದನ್ನೆಲ್ಲ ತೋರಿಸಿದರಷ್ಟೇ ಪೇಟೆಯವರಿಗೆ ಕಗ್ಗದ ಅಕ್ಕಿಯ ಬೆಲೆ ತಿಳಿದೀತು.

ಹಾಲಕ್ಕಿ ಹಾಡುಗಾರ್ತಿ, ಪದ್ಮಶ್ರೀ ಸುಕ್ರಿ ಬೊಮ್ಮಗೌಡರು 2025ರಲ್ಲಿ ತೀರಿಕೊಂಡರು. ಅವರ ದನಿ ದಾಖಲಾಗಿ ಉಳಿದಿದೆ. ಹಾಗೆಯೇ ಒಡ್ಡು ಕಟ್ಟುವ, ನೀರು ಬಿಡುವ ತಿಳಿವಳಿಕೆಯೂ ಹಿರಿಯರ ಜೊತೆಗೇ ಹೋಗಬಾರದು, ಅಲ್ವಾ?

ನನ್ನ ಅಭಿಪ್ರಾಯ ಇಷ್ಟೇ: ವಿಡಿಯೋದಲ್ಲಿ ಗದ್ದೆಯವರೇ ಮಾತಾಡಲಿ. ಮಾಡಿದ್ದನ್ನು ಮೊದಲು ಅವರಿಗೇ ತೋರಿಸಿ. ಅವರು ಒಪ್ಪಿದ ಮೇಲೆ ಊರಿಗೆ ತೋರಿಸಿ. ಅಕ್ಕಿ, ಬಳಚು ಎಲ್ಲಿ ಸಿಗುತ್ತದೆಂದೂ ಹೇಳಿ. ಮೆಚ್ಚುಗೆಯ ಜೊತೆ ನಾಲ್ಕು ಕಾಸೂ ಅವರ ಕೈಗೆ ಬರಲಿ.

ನೀವೇನಂತೀರಿ?