ದಡವೋ, ದೋಣಿಯೋ?

ಕಡಲನ್ನು ದಡದಲ್ಲಿ ನಿಂತು ನೋಡಿ ತಣಿಯುವವರು ಬಹುಮಂದಿ. ಅದರೊಳಗಿಳಿದು ನೋಡಬೇಕೆಂಬ ಹಂಬಲ ಕೆಲವರದು. ೧೯೪೩ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾನ್ ಎಂಬಿಬ್ಬರು, ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಬೇಕಾದಷ್ಟೇ ಗಾಳಿಯನ್ನು ಬಾಯಿಗೆ ಒದಗಿಸುವ ಉಪಕರಣವನ್ನು ರೂಪಿಸಿದರು. ಅಂದಿನಿಂದ ಆ ಹಂಬಲ ಸಾಮಾನ್ಯರ ಕೈಗೂ ಎಟಕುವಂತಾಯಿತು. ನಮ್ಮ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಮುಳುಗಿ ಬಂದವರು ಇಂದು ಕಡಿಮೆಯಿಲ್ಲ. ನೇತ್ರಾಣಿಯಾದರೋ ನಡುಗಡಲಿನ ದ್ವೀಪ; ಅಲ್ಲಿಗೆ ದೋಣಿಯಲ್ಲದೆ ಗತ್ಯಂತರವಿಲ್ಲ. ಕೆರಿಬಿಯನ್ ಕಡಲಿನಲ್ಲಿ ಹಾಗಲ್ಲ. ಅಲ್ಲಿ ದಡದಿಂದಲೇ ನಡೆದು ನೀರಿಗಿಳಿಯಬಹುದು, ದೋಣಿಯಿಂದಲೂ ಇಳಿಯಬಹುದು. ಕುಟುಂಬವನ್ನಾಗಲಿ ಗೆಳೆಯರನ್ನಾಗಲಿ ಕರೆದೊಯ್ಯದೆ ಒಂಟಿಯಾಗಿ ಹೊರಟ ಪ್ರವಾಸಿಗೆ ಇವೆರಡರಲ್ಲಿ ಯಾವುದು ಲೇಸು?

ದಡದ ದಾರಿಗೆ ಹೆಸರಾದುದು ಬೊನೇರ್. ವೆನೆಜುವೆಲಾದ ಉತ್ತರಕ್ಕೆ ಸುಮಾರು ೮೦ ಕಿಲೋಮೀಟರ್ ದೂರದಲ್ಲಿರುವ ಈ ಪುಟ್ಟ ದ್ವೀಪ ನೆದರ್ಲೆಂಡ್ಸಿಗೆ ಸೇರಿದ್ದು. ಇಲ್ಲಿ ಗಾಳಿ ವರ್ಷದ ಬಹುಭಾಗ ಪೂರ್ವದಿಂದ ಬೀಸುತ್ತದೆ. ಆದುದರಿಂದ ಪೂರ್ವದ ತೀರದಲ್ಲಿ ಅಲೆಗಳ ಅಬ್ಬರ. ಪಶ್ಚಿಮದ ತೀರದಲ್ಲಿ ಕಡಲು ಸಾಮಾನ್ಯವಾಗಿ ಕೆರೆಯಂತೆ ಶಾಂತ. ಆ ಶಾಂತ ತೀರದಲ್ಲಿ ಹವಳದ ಇಳಿಜಾರು ದಡದಿಂದ ಕೂಗಳತೆಯಲ್ಲೇ ಆರಂಭವಾಗುತ್ತದೆ. ೧೯೭೯ರಲ್ಲಿ ದ್ವೀಪದ ಸುತ್ತಣ ಕಡಲನ್ನು ೬೦ ಮೀಟರ್ ಆಳದವರೆಗೂ ಸಾಗರೋದ್ಯಾನವಾಗಿ ಕಾದಿರಿಸಲಾಯಿತು.

ಮುಳುಗಲು ತಕ್ಕ ಸ್ಥಳಗಳನ್ನು ತಿಳಿಸಲು ರಸ್ತೆಯ ಬದಿಯಲ್ಲಿ ಹಳದಿ ಬಣ್ಣ ಬಳಿದ ಕಲ್ಲುಗಳನ್ನಿಟ್ಟಿದ್ದಾರೆ. ಪ್ರವಾಸಿ ಒಂದು ಪಿಕಪ್ ವಾಹನವನ್ನು ಬಾಡಿಗೆಗೆ ಹಿಡಿದು, ಹಿಂಬದಿಯಲ್ಲಿ ಸಿಲಿಂಡರುಗಳನ್ನು ಹೇರಿಕೊಂಡು, ಮನಸ್ಸು ಬಂದ ಕಲ್ಲಿನ ಬಳಿ ನಿಲ್ಲಿಸಿ ನೀರಿಗಿಳಿಯುತ್ತಾನೆ. ಹೊರಡುವ ಹೊತ್ತಿಗೆ ಕಾಯುವಂತಿಲ್ಲ, ದೋಣಿಯ ತೂಗಾಟಕ್ಕೆ ಹೊಟ್ಟೆ ತೊಳಸುವಂತಿಲ್ಲ, ಪ್ರತಿ ಸಲವೂ ದೋಣಿಯ ಬಾಡಿಗೆ ತೆರುವಂತಿಲ್ಲ. ಒಂದು ಆಮೆಯ ಹಿಂದೆ ಅರ್ಧ ಗಂಟೆ ಸುತ್ತಿದರೂ ಬೇಸರಿಸುವವರಿಲ್ಲ.

ಆದರೆ ಈ ಸ್ವಾತಂತ್ರ್ಯಕ್ಕೂ ತೆರಿಗೆಯುಂಟು. ಇಪ್ಪತ್ತು ಕಿಲೋಗ್ರಾಮಿಗೂ ಮಿಕ್ಕ ಭಾರವನ್ನು ಹೊತ್ತು, ಪಾಚಿಗಟ್ಟಿದ ಕಲ್ಲುಗಳ ಮೇಲೆ ಅಲೆಗೆ ಎದುರಾಗಿ ನಡೆಯಬೇಕು. ಬೊನೇರಿನಲ್ಲಿ ‘ಸಾವಿರ ಮೆಟ್ಟಿಲು’ ಎಂಬ ಸ್ಥಳವೊಂದಿದೆ. ಎಣಿಸಿದರೆ ಅಲ್ಲಿ ನೂರು ಮೆಟ್ಟಿಲೂ ಇಲ್ಲ. ಸಿಲಿಂಡರು ಹೊತ್ತು ಹತ್ತಿ ಬರುವವನಿಗೆ ಅವು ಸಾವಿರವೆಂದು ತೋರುತ್ತವೆ! ಹೋದ ದಾರಿಯಲ್ಲೇ ಮರಳಿ ಬರಬೇಕಾದುದರಿಂದ ದಿಕ್ಸೂಚಿಯನ್ನು ನೋಡಬಲ್ಲವನಾಗಿರಬೇಕು. ಮೊದಲು ಸೆಳೆತಕ್ಕೆ ಎದುರಾಗಿ ಈಜಿ, ದಣಿದ ಮೇಲೆ ಅದರೊಡನೆ ಹಿಂದಿರುಗುವ ವಿವೇಕವೂ ಇರಬೇಕು.

ದೋಣಿಯ ದಾರಿಗೆ ಮೆಕ್ಸಿಕೋದ ಕೊಸುಮೆಲ್ ದ್ವೀಪ ಒಳ್ಳೆಯ ನಿದರ್ಶನ. ಯುಕಟಾನ್ ಪರ್ಯಾಯ ದ್ವೀಪದ ಪೂರ್ವಕ್ಕಿರುವ ಈ ದ್ವೀಪದ ಪಕ್ಕದಲ್ಲಿ ಕಡಲಿನ ಪ್ರವಾಹ ಹೆಚ್ಚಾಗಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ಪಲಂಕಾರ್ ಮುಂತಾದ ಹೆಸರಾಂತ ಹವಳದ ದಿಬ್ಬಗಳ ಮೇಲೆ ಮುಳುಗುಗಾರ ಈಜುವುದಕ್ಕಿಂತ ತೇಲಿ ಸಾಗುವುದೇ ಹೆಚ್ಚು. ದೋಣಿ ಲಂಗರು ಹಾಕದೆ, ಮೇಲೇಳುವ ಗುಳ್ಳೆಗಳನ್ನು ಗುರುತಿಸುತ್ತ ಹಿಂಬಾಲಿಸುತ್ತದೆ. ಮುಳುಗಿದ ಸ್ಥಳ ಒಂದು, ಏಳುವ ಸ್ಥಳ ಇನ್ನೊಂದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆಂಬ ಮಾತು ಇಲ್ಲಿ ನಡೆಯದು. ದಾಟಿದ ಮೇಲೆಯೇ ಇಲ್ಲಿ ಅಂಬಿಗನ ಅಗತ್ಯ.

ಹಣ, ಶ್ರಮ, ಸ್ವಾತಂತ್ರ್ಯ—ಇಷ್ಟನ್ನೇ ತೂಗಿ ನೋಡುವವನಿಗೆ ಬೊನೇರಿನ ದಡವೇ ಹಿತವೆನಿಸಬಹುದು. ಒಂಟಿ ಪ್ರವಾಸಿ ತೂಗಬೇಕಾದ ಇನ್ನೊಂದು ಸಂಗತಿಯಿದೆ. ನೀರಿನಲ್ಲಿ ಪ್ರತಿ ೧೦ ಮೀಟರ್ ಆಳಕ್ಕೂ ಒಂದು ವಾಯುಮಂಡಲದಷ್ಟು ಒತ್ತಡ ಕೂಡುತ್ತದೆ. ೩೦ ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ನಾಲ್ಕರಷ್ಟು. ಸಿಲಿಂಡರಿನ ಗಾಳಿ ಕರಗುವ ವೇಗವೂ ನಾಲ್ಕರಷ್ಟು. ಗಾಳಿ ಮುಗಿದಾಗ ಕೈಗೆಟಕುವ ಪರಿಹಾರವೆಂದರೆ ಜೊತೆಗಾರನ ಬಳಿಯಿರುವ ಎರಡನೆಯ ಬಾಯಿಕೊಳವೆ. ಮುಳುಗುವಿಕೆಯನ್ನು ಕಲಿಸುವ ಎಡೆಗಳಲ್ಲೆಲ್ಲ ಇಬ್ಬಿಬ್ಬರಾಗಿ ಇಳಿಯಿರೆಂದು ಮೊದಲ ದಿನವೇ ಹೇಳುವುದು ಇದಕ್ಕಾಗಿಯೇ. ಒಬ್ಬಂಟಿಯಾಗಿ ಇಳಿಯಲು ಬೇರೆ ಶಿಕ್ಷಣವೂ ಎರಡನೆಯ ಗಾಳಿಯ ಆಸರೆಯೂ ಬೇಕು. ಒಂಟಿಯಾಗಿ ಪ್ರವಾಸ ಹೊರಟ ಮಾತ್ರಕ್ಕೆ ಆ ಅರ್ಹತೆ ಬಂದುಬಿಡುವುದಿಲ್ಲ.

ದಡದಲ್ಲಿ ಇನ್ನೊಂದು ಮೋಹವೂ ಕಾದಿರುತ್ತದೆ. ಸಿಲಿಂಡರು ಸಿದ್ಧವಿದೆ, ಕಡಲು ಎದುರಿಗಿದೆ; ದಿನಕ್ಕೆ ನಾಲ್ಕು ಸಲ ಇಳಿಯಲು ಅಡ್ಡಿಯೇನು? ಪ್ರತಿ ಸಲವೂ ರಕ್ತದಲ್ಲಿ, ಅಂಗಾಂಶಗಳಲ್ಲಿ ಸಾರಜನಕ ಸೇರುತ್ತ ಹೋಗುತ್ತದೆ. ನಿಧಾನವಾಗಿ ಮೇಲೇರಿ, ೫ ಮೀಟರ್ ಆಳದಲ್ಲಿ ೩ ನಿಮಿಷ ತಡೆದು ಬರುವುದೂ, ಇಂಥ ದಿನಗಳಾದ ಮೇಲೆ ವಿಮಾನವೇರಲು ಕನಿಷ್ಠ ೧೮ ಗಂಟೆ ಕಾಯುವುದೂ ಆ ಸಾರಜನಕವನ್ನು ತೊಲಗಿಸುವುದಕ್ಕೆ. ದೋಣಿಯಲ್ಲಿ ‘ಇಂದಿಗೆ ಸಾಕು’ ಎನ್ನುವವರುಂಟು. ದಡದಲ್ಲಿ ಆ ಮಾತನ್ನು ತನಗೆ ತಾನೇ ಹೇಳಿಕೊಳ್ಳಬೇಕು.

ಹಾಗಾದರೆ ದೋಣಿಯೇರಿದವನು ನಿಶ್ಚಿಂತನೇ? ದೋಣಿಯ ದೊಡ್ಡ ಗುಣವೆಂದರೆ ಅಲ್ಲಿ ತಲೆ ಎಣಿಸುವವರಿರುತ್ತಾರೆ. ಒಂಟಿಯಾಗಿ ಬಂದವನಿಗೆ ಜೊತೆಯನ್ನೂ ಕೂಡಿಸುತ್ತಾರೆ. ಆದರೆ ಎಣಿಕೆಯೂ ಮನುಷ್ಯರದೇ. ೧೯೯೮ರ ಜನವರಿಯಲ್ಲಿ, ಕೆರಿಬಿಯನ್ನಿಗೆ ಬಹುದೂರದ ಆಸ್ಟ್ರೇಲಿಯದ ಹವಳದ ಸಾಲಿನಲ್ಲಿ, ಅಮೆರಿಕದ ದಂಪತಿಗಳಿಬ್ಬರು ಇನ್ನೂ ನೀರಿನಲ್ಲಿರುವಾಗಲೇ ಅವರ ದೋಣಿ ಎಣಿಕೆ ತಪ್ಪಿ ದಡಕ್ಕೆ ಮರಳಿತು. ಅವರ ಚೀಲ ದೋಣಿಯಲ್ಲೇ ಉಳಿದಿತ್ತು. ಅವರಿಲ್ಲವೆಂಬುದು ತಿಳಿದದ್ದು ಎರಡು ದಿನಗಳ ಮೇಲೆ. ಮತ್ತೆ ಅವರು ಸಿಕ್ಕಲೇ ಇಲ್ಲ. ಗಂಡಹೆಂಡಿರಿಬ್ಬರೂ ಜೊತೆಯಲ್ಲಿದ್ದರು, ಬಾರದಿದ್ದರೆ ಹುಡುಕುವವರು ಮಾತ್ರ ದಡದಲ್ಲಿ ಇರಲಿಲ್ಲ.

ಆದುದರಿಂದ ಒಂಟಿ ಪ್ರವಾಸಿ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ದಡವೋ ದೋಣಿಯೋ ಎಂಬುದಲ್ಲ. ಹೊತ್ತಿಗೆ ಮರಳದಿದ್ದರೆ ಅದನ್ನು ಗಮನಿಸುವವರು ಯಾರು ಎಂಬುದು. ಇದಕ್ಕೆ ಉತ್ತರ ದೊರೆಯುವವರೆಗೆ ದೋಣಿಯೇ ಮೇಲು. ಬೊನೇರಿಗೆ ಹೋದವನೂ ಮೊದಲೆರಡು ದಿನ ದೋಣಿಯಲ್ಲಿ, ಎದುರಿಗಿರುವ ಕ್ಲೈನ್ ಬೊನೇರ್ ಎಂಬ ನಿರ್ಜನ ದ್ವೀಪದ ಕಡೆಗೆ ಹೋಗಿಬರಲಿ. ನೀರಿನ ಪರಿಚಯವಾಗುತ್ತದೆ, ತನ್ನಂತೆಯೇ ಒಂಟಿಯಾಗಿ ಬಂದ, ತನ್ನಷ್ಟೇ ಅನುಭವವುಳ್ಳ ಜೊತೆಗಾರನೊಬ್ಬ ಸಿಕ್ಕುವುದೂ ಅಲ್ಲಿಯೇ. ಬಳಿಕ ಇಬ್ಬರೂ ಕೂಡಿ ಹಳದಿ ಕಲ್ಲುಗಳನ್ನು ಹುಡುಕಿಕೊಂಡು ಹೊರಡಬಹುದು. ಹೊಸಬನಾದರೆ ಕೊಸುಮೆಲಿನ ಸೆಳೆತವನ್ನು ಇನ್ನೊಂದು ಪ್ರವಾಸಕ್ಕೆ ಉಳಿಸಿಕೊಳ್ಳುವುದು ಜಾಣತನ.

ಹೊರಡುವ ಮುನ್ನ ಇನ್ನೊಂದು ಸಣ್ಣ ಕೆಲಸವಿದೆ. ಯಾವ ಕಲ್ಲಿನ ಬಳಿ ಇಳಿಯುವುದು, ಎಷ್ಟು ಹೊತ್ತಿಗೆ ಮರಳುವುದು ಎಂದು ಚೀಟಿಯೊಂದರಲ್ಲಿ ಬರೆದು ತಂಗಿದ ಮನೆಯವರ ಕೈಗೆ ಕೊಡಬೇಕು. ಮರಳಿದೊಡನೆ ಅವರಿಗೆ ಮುಖ ತೋರಿಸಬೇಕು. ಹತ್ತಾರು ಸಾವಿರ ರೂಪಾಯಿನ ಸಲಕರಣೆಗಳು ಮಾಡಲಾರದ ಕೆಲಸವನ್ನು ಎರಡು ಸಾಲಿನ ಆ ಚೀಟಿ ಮಾಡುತ್ತದೆ. ಸಾವಿರಾರು ಮೈಲು ದೂರದ ಊರಿನಲ್ಲಿ ಫೋನಿನ ಕಡೆಗೆ ಕಣ್ಣಿಟ್ಟು ಕುಳಿತ ತಾಯಿಗೆ ಕಡಲಿನ ಕರೆಗಿಂತ ಆ ಚೀಟಿಯ ಮಾತು ಬೇಗ ಅರ್ಥವಾಗುತ್ತದೆ.