ಹೆಬ್ಬೆಟ್ಟೇ ಬೀಗದ ಕೈ ಆದಾಗ

ಹೆಬ್ಬೆಟ್ಟು ಒತ್ತುವುದೆಂದರೆ ಒಂದು ಕಾಲದಲ್ಲಿ ಅಕ್ಷರ ಬಾರದವರ ಪಾಡಾಗಿತ್ತು. ಇಂದು ನಿವೇಶನ ಕೊಳ್ಳುವ ವೈದ್ಯರಿಂದ ಹಿಡಿದು ಪಡಿತರ ಪಡೆಯುವ ಕೂಲಿಕಾರರವರೆಗೆ ಎಲ್ಲರೂ ಬೆರಳು ಒತ್ತಬೇಕಾಗಿದೆ. ಹೀಗೆ ಒತ್ತಿದ ಗುರುತು ಆನಂತರ ಯಾರ ಕೈ ಸೇರುತ್ತದೆ ಎಂದು ವಿಚಾರಿಸುವವರು ಮಾತ್ರ ವಿರಳ. 2023ರಲ್ಲಿ ಬೆಂಗಳೂರು, ಮಂಗಳೂರುಗಳಲ್ಲಿ ಬಯಲಾದ ವಂಚನೆ ಪ್ರಕರಣಗಳು ಈ ಪ್ರಶ್ನೆಯನ್ನು ಮನೆಮನೆಯ ಬಾಗಿಲಿಗೆ ತಂದವು.

ಹಣ ಕಳೆದುಕೊಂಡವರು ಯಾರಿಗೂ ಒಟಿಪಿ ಹೇಳಿರಲಿಲ್ಲ, ಎಟಿಎಂ ಕಾರ್ಡ್ ಕೊಟ್ಟಿರಲಿಲ್ಲ. ಆದರೂ ಖಾತೆಯಿಂದ ಹಣ ತೆಗೆಯಲಾಗಿದೆ ಎಂಬ ಸಂದೇಶ ಮೊಬೈಲ್‌ಗೆ ಬಂದಿತ್ತು. ಅವರಲ್ಲಿ ಅನೇಕರು ಕೆಲವೇ ದಿನಗಳ ಹಿಂದೆ ಆಸ್ತಿ ನೋಂದಣಿ ಮಾಡಿಸಿದ್ದರು. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಿಂದ ಪಡೆದ ಕ್ರಯಪತ್ರಗಳಲ್ಲಿದ್ದ ಬೆರಳಚ್ಚುಗಳ ನಕಲು ತಯಾರಿಸಿ ಹಣ ಲಪಟಾಯಿಸಲಾಗಿದೆ ಎಂಬುದು ಪೊಲೀಸ್ ತನಿಖೆಯಿಂದ ಹೊರಬಂದ ಅಂಶ.

ಮೂರೇ ಮಾಹಿತಿ ಸಾಕು

ವಂಚಕರು ಬಳಸಿಕೊಂಡದ್ದು ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯನ್ನು. ಬ್ಯಾಂಕ್ ಶಾಖೆ ಇಲ್ಲದ ಹಳ್ಳಿಗಳಲ್ಲಿ ಬ್ಯಾಂಕಿನ ಪ್ರತಿನಿಧಿಯೇ ಪುಟ್ಟ ಯಂತ್ರ ಹಿಡಿದು ಜನರಿಗೆ ನಗದು ನೀಡಲಿ ಎಂಬ ಸದುದ್ದೇಶದಿಂದ ರೂಪುಗೊಂಡ ಏರ್ಪಾಡು ಇದು. ಪಿಂಚಣಿಗಾಗಿ ತಾಲ್ಲೂಕು ಕೇಂದ್ರದವರೆಗೆ ಅಲೆಯುತ್ತಿದ್ದ ವೃದ್ಧರಿಗೆ ಇದರಿಂದ ಆಗಿರುವ ಉಪಕಾರ ಸಣ್ಣದಲ್ಲ. ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇವಿಷ್ಟಿದ್ದರೆ ಒಮ್ಮೆಗೆ 10,000 ರೂಪಾಯಿಯವರೆಗೆ ಹಣ ತೆಗೆಯಬಹುದು. ಖಾತೆ ಸಂಖ್ಯೆಯೂ ಬೇಡ, ಪಿನ್ ಕೂಡ ಬೇಡ. ವಂಚಕರಿಗೆ ವರವಾದದ್ದು ಈ ಸರಳತೆಯೇ.

ಎರಡು ಕಾಲದ ಕಾನೂನು

ಸಮಸ್ಯೆಯ ಬೇರು ಇನ್ನೂ ಆಳದಲ್ಲಿದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿ ದಾಖಲೆಗಳು ಸಾರ್ವಜನಿಕ. ಶುಲ್ಕ ಕಟ್ಟಿದ ಯಾರಾದರೂ ಅವುಗಳನ್ನು ಪರಿಶೀಲಿಸಬಹುದು, ನಕಲು ಪಡೆಯಬಹುದು. ಆಸ್ತಿ ಕೊಳ್ಳುವವನು ಮೋಸಹೋಗದಿರಲು ಇದು ಅಗತ್ಯವೂ ಹೌದು. ಒಬ್ಬರ ಹೆಸರಿನಲ್ಲಿ ಮತ್ತೊಬ್ಬರು ಸಹಿ ಹಾಕುವುದನ್ನು ತಡೆಯಲು 2001ರ ತಿದ್ದುಪಡಿಯು ಭಾವಚಿತ್ರ ಮತ್ತು ಬೆರಳಚ್ಚನ್ನು ಕಡ್ಡಾಯಗೊಳಿಸಿತು. ಆಗ ಬೆರಳಚ್ಚು ಕೇವಲ ಗುರುತಾಗಿತ್ತು; ಅದರಿಂದ ಯಾವ ತಿಜೋರಿಯೂ ತೆರೆಯುತ್ತಿರಲಿಲ್ಲ. ಆಧಾರ್ ಬಂದ ಮೇಲೆ ಅದೇ ಗುರುತು ಖಾತೆಯ ಬೀಗದ ಕೈ ಆಯಿತು.

ಉಪನೋಂದಣಾಧಿಕಾರಿ ಕಚೇರಿಯ ಕಪಾಟಿನಲ್ಲಿ ಧೂಳು ಹಿಡಿದು ಕುಳಿತಿದ್ದ ಕಡತಕ್ಕೆ ಆ ಧೂಳೇ ಒಂದು ಬಗೆಯ ಕಾವಲಾಗಿತ್ತು. ಕಡತ ಅಂತರ್ಜಾಲಕ್ಕೆ ಏರಿದಾಗ ಆ ಕಾವಲು ಹೋಯಿತು. ದೂರದ ರಾಜ್ಯದಲ್ಲಿ ಕುಳಿತವರೂ ಅದನ್ನು ತೆರೆಯುವಂತಾಯಿತು. ಬೀಗದ ಕೈಯ ಪಡಿಯಚ್ಚು ಸಾರ್ವಜನಿಕ ಕಡತದಲ್ಲಿದೆ ಎಂಬುದು ಯಾವ ಇಲಾಖೆಗೂ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. 2018ರಲ್ಲೇ ನೆರೆಯ ತೆಲಂಗಾಣದಲ್ಲಿ ಸಿಮ್ ಮಾರಾಟಗಾರನೊಬ್ಬ ಅಲ್ಲಿನ ನೋಂದಣಿ ಇಲಾಖೆಯ ಜಾಲತಾಣದಿಂದ ಬೆರಳಚ್ಚು ತೆಗೆದು, ನಕಲು ಮಾಡಿ, ಅನ್ಯರ ಹೆಸರಿನಲ್ಲಿ ಸಿಮ್‌ಗಳಿಗೆ ಚಾಲನೆ ನೀಡಿ ಸಿಕ್ಕಿಬಿದ್ದಿದ್ದ. ಕರ್ನಾಟಕದಲ್ಲಿ ಬೆರಳಚ್ಚು ಮರೆಮಾಚುವ ಕ್ರಮಕ್ಕೆ ಚಾಲನೆ ಸಿಕ್ಕಿದ್ದು ಐದು ವರ್ಷಗಳ ಬಳಿಕ, ಜನ ಹಣ ಕಳೆದುಕೊಂಡ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಹೊಣೆ ಯಾರದು?

ಯಂತ್ರದ ಮೇಲಿರುವುದು ಜೀವಂತ ಬೆರಳೇ ಎಂದು ಪರೀಕ್ಷಿಸುವ ತಂತ್ರವನ್ನು ಆಧಾರ್ ಪ್ರಾಧಿಕಾರ 2023ರಲ್ಲಿ ಅಳವಡಿಸಿತು. ಯಂತ್ರ ನಡೆಸುವ ಪ್ರತಿನಿಧಿಗಳ ಪೂರ್ವಾಪರ ಪರಿಶೀಲಿಸಬೇಕೆಂಬ ರಿಸರ್ವ್ ಬ್ಯಾಂಕ್ ನಿರ್ದೇಶನ 2025ರ ಜೂನ್‌ನಲ್ಲಿ ಹೊರಬಿದ್ದು, 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಉಚಿತವಾಗಿ ಲಭ್ಯ. ಹಣ ಹೋದದ್ದು ತಿಳಿದ ಕೂಡಲೇ ಬ್ಯಾಂಕಿಗೂ 1930 ಸಹಾಯವಾಣಿಗೂ ದೂರು ನೀಡುವುದು ಅತ್ಯಗತ್ಯ.

ಆದರೆ ಬೀಗ ಹಾಕುವ ಸಲಹೆ ನಗರವಾಸಿಗೆ ಹಿಡಿಸಿದಷ್ಟು ಸುಲಭವಾಗಿ ಹಳ್ಳಿಯವರಿಗೆ ಹಿಡಿಸದು. ಬೆರಳು ಒತ್ತಿಯೇ ಪಡಿತರ, ಪಿಂಚಣಿ ಪಡೆಯುವವರು ಪ್ರತಿ ಬಾರಿಯೂ ಬೀಗ ತೆಗೆದು ಹಾಕುತ್ತ ಕೂರಲಾರರು. ಯಾರಿಗಾಗಿ ಈ ವ್ಯವಸ್ಥೆ ಹುಟ್ಟಿತೋ ಅವರೇ ಹೆಚ್ಚು ಅರಕ್ಷಿತರಾಗಿ ಉಳಿಯುತ್ತಾರೆ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯ. ಆದರೆ 2023ರಲ್ಲಿ ಬಂದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ತೀರ್ಪಿನ ಆಶಯಕ್ಕೆ ತಕ್ಕಷ್ಟು ಬಲ ತುಂಬಿಲ್ಲ. ಕಾನೂನಿನ ಬಾಧ್ಯತೆಯಂತೆ ಬಹಿರಂಗಪಡಿಸಿದ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕ್ರಯಪತ್ರದ ಬೆರಳಚ್ಚು ಇದೇ ವಿನಾಯಿತಿಯ ಸಂದಿಯಲ್ಲಿ ನುಸುಳಿಹೋಗುವುದಿಲ್ಲ ಎಂಬ ಖಾತರಿ ಇಲ್ಲ. ತಪ್ಪಿತಸ್ಥ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದ್ದರೂ ಆ ಹಣ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಸೋರಿ ನಷ್ಟ ಅನುಭವಿಸಿದವನಿಗೆ ಈ ಕಾಯ್ದೆಯಡಿ ಪರಿಹಾರವಿಲ್ಲ.

ಗುಪ್ತಪದ ಸೋರಿದರೆ ಅದನ್ನು ಬದಲಿಸಬಹುದು, ಕಾರ್ಡ್ ಕಳೆದರೆ ಹೊಸದು ಬರುತ್ತದೆ. ಬೆರಳು ಮಾತ್ರ ಹುಟ್ಟಿನಿಂದ ಮಣ್ಣಿನವರೆಗೆ ಅದೇ. ಒಮ್ಮೆ ಹೊರಹೋದ ಬೆರಳಚ್ಚನ್ನು ಯಾವ ಆದೇಶವೂ ಹಿಂದಕ್ಕೆ ತರಲಾರದು. ಆದ್ದರಿಂದ ಹಣ ಪಾವತಿಗೆ ಬೆರಳಿನ ಜೊತೆಗೆ ಮತ್ತೊಂದು ಸಾಕ್ಷ್ಯ ಕೇಳುವ ವ್ಯವಸ್ಥೆ ಬರಬೇಕು. ಸಾರ್ವಜನಿಕ ದಾಖಲೆಯಲ್ಲಿ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಕಡತ ಜಾಲತಾಣಕ್ಕೆ ಏರುವ ಮುನ್ನವೇ ನಿರ್ಧರಿಸಬೇಕು. ಬೆರಳು ಒತ್ತಲೇಬೇಕೆಂದು ಆಜ್ಞೆ ಮಾಡುವ ಸರ್ಕಾರಕ್ಕೆ ಆ ಗುರುತನ್ನು ಕಾಯುವ ಹೊಣೆಯೂ ಇದೆ.