ಗುರುವಾರ ರಾತ್ರಿ, ಒಂಬತ್ತರ ಮೇಲೆ

ಆಕ್ಸ್‌ಫರ್ಡಿನ ಮಾಡ್ಲಿನ್ ಕಾಲೇಜಿನ ಹೆಸರನ್ನು ಬರೆಯುವುದು ಒಂದು ರೀತಿ, ಕರೆಯುವುದು ಇನ್ನೊಂದು ರೀತಿ. ಅಕ್ಷರ ನೋಡಿ ಮ್ಯಾಗ್ಡಲೆನ್ ಎಂದವನು ಹೊರಗಿನವನೆಂದು ಅಲ್ಲಿಯವರಿಗೆ ತಕ್ಷಣ ತಿಳಿದುಬಿಡುತ್ತದೆ. ಆ ಕಾಲೇಜಿನೊಳಗೆ ನ್ಯೂ ಬಿಲ್ಡಿಂಗ್ ಎಂಬ ಕಟ್ಟಡವಿದೆ. ಕಟ್ಟಿದ್ದು 1733ರಲ್ಲಿ! ಆ ಊರಿನ ಲೆಕ್ಕದಲ್ಲಿ ಅದು ಹೊಸದೇ. ಕಿಟಕಿ ತೆರೆದರೆ ಜಿಂಕೆಗಳು ಮೇಯುವ ತೋಪು. 1930ರ ದಶಕದಿಂದ 1949ರವರೆಗೆ, ಗುರುವಾರ ರಾತ್ರಿ ಊಟ ಮುಗಿಸಿ ಒಂಬತ್ತರ ಸುಮಾರಿಗೆ, ಒಬ್ಬೊಬ್ಬರಾಗಿ ಕೆಲವು ಗಂಡಸರು ಅಲ್ಲಿಯ ಮೆಟ್ಟಿಲು ಹತ್ತಿ ಸಿ.ಎಸ್. ಲೂಯಿಸ್‌ನ ಕೋಣೆಗೆ ಬರುತ್ತಿದ್ದರು. ಕೆಲವರ ಬಗಲಲ್ಲಿ ಕಾಗದದ ಕಟ್ಟು ಇರುತ್ತಿತ್ತು.

ಕೋಣೆ ದೊಡ್ಡದು, ಆದರೆ ಅಂದಚೆಂದವಿಲ್ಲದ್ದು. ಹಳೆಯ ಸೋಫಾ, ಸವೆದ ಕುರ್ಚಿಗಳು. ಲೂಯಿಸ್ ಸಿಗರೇಟಿನ ಬೂದಿಯನ್ನು ನೆಲಹಾಸಿನ ಮೇಲೇ ಕೊಡವುವ ಜಾತಿಯ ಮನುಷ್ಯ. ಅಣ್ಣ ವಾರ್ನಿ, ನಿವೃತ್ತ ಮೇಜರ್, ಎಲ್ಲರಿಗೂ ಕಡಕ್ ಚಹಾ ಮಾಡಿಕೊಡುತ್ತಿದ್ದ. ಪೈಪುಗಳು ಹೊತ್ತಿಕೊಂಡು ಕೋಣೆ ತುಂಬ ಹೊಗೆ ಕವಿದ ಮೇಲೆ ಲೂಯಿಸ್ ಸುತ್ತಲೂ ನೋಡಿ, ಓದುವುದಕ್ಕೆ ಯಾರಾದರೂ ಏನಾದರೂ ತಂದಿದ್ದೀರಾ ಎಂದು ವಿಚಾರಿಸುತ್ತಿದ್ದ. ಅಷ್ಟೇ, ಸಭೆ ಶುರು. ಅಧ್ಯಕ್ಷರಿಲ್ಲ, ಕಾರ್ಯದರ್ಶಿಯಿಲ್ಲ, ಚಂದಾ ಇಲ್ಲ, ವಂದನಾರ್ಪಣೆಯಂತೂ ಇಲ್ಲವೇ ಇಲ್ಲ. ಸಾಹಿತ್ಯ ಸಂಘಗಳಲ್ಲಿ ನೊಂದವರು ಯಾರಾದರೂ ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಿಕೊಳ್ಳಬಹುದು.

ಇಂಕ್ಲಿಂಗ್ಸ್ ಎಂಬುದು ಈ ಗುಂಪಿನ ಹೆಸರು. ಸಣ್ಣ ಸುಳಿವು ಎಂಬ ಅರ್ಥವೂ ಉಂಟು, ಶಾಯಿಯಲ್ಲಿ ಕೈಯಾಡಿಸುವವರು ಎಂಬ ಚೇಷ್ಟೆಯೂ ಉಂಟು. ಹೆಸರು ಇವರು ಇಟ್ಟದ್ದಲ್ಲ. 1930ರ ದಶಕದ ಆರಂಭದಲ್ಲಿ ಎಡ್ವರ್ಡ್ ಟ್ಯಾಂಜಿ ಲೀನ್ ಎಂಬ ವಿದ್ಯಾರ್ಥಿ ಕಟ್ಟಿದ ಪುಟ್ಟ ಕೂಟದ ಹೆಸರದು. ಲೂಯಿಸ್, ಟೋಲ್ಕಿನ್ ಇಬ್ಬರೂ ಅದರಲ್ಲಿದ್ದರು. ಹುಡುಗ ಓದು ಮುಗಿಸಿ ಊರು ಬಿಟ್ಟ, ಕೂಟ ಕರಗಿತು, ಹೆಸರು ಮಾತ್ರ ಲೂಯಿಸ್‌ನ ಗೆಳೆಯರ ಬಳಗಕ್ಕೆ ಉಳಿಯಿತು. ಈ ಲೀನ್‌ನ ಅಣ್ಣನೇ ಸಿನಿಮಾ ನಿರ್ದೇಶಕ ಡೇವಿಡ್ ಲೀನ್. 1984ರಲ್ಲಿ ತೆರೆಕಂಡ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕಾಗಿ ನಮ್ಮ ಸಾವನದುರ್ಗದ ಬಂಡೆಗಳ ನಡುವೆ ಕ್ಯಾಮೆರಾ ಹೊತ್ತು ತಿರುಗಿದವನು ಅವನೇ.

ಬರುತ್ತಿದ್ದವರಲ್ಲಿ ಪ್ರಾಧ್ಯಾಪಕರು ಹೆಚ್ಚು. ಆದರೆ ಲೂಯಿಸ್‌ನ ಮನೆವೈದ್ಯ ಹ್ಯಾವರ್ಡ್ ಕೂಡ ಇದ್ದ, ಲಂಡನ್ನಿನ ವಕೀಲ ಬಾರ್‌ಫೀಲ್ಡ್ ಅಪರೂಪಕ್ಕೆ ಬರುತ್ತಿದ್ದ. 1939ರಲ್ಲಿ ಯುದ್ಧದ ಕಾರಣ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಲಂಡನ್ ಕಚೇರಿ ಇಲ್ಲಿಗೆ ಬಂದಾಗ ಅದರ ಜೊತೆಗೆ ಚಾರ್ಲ್ಸ್ ವಿಲಿಯಮ್ಸ್ ಬಂದು ಸೇರಿದ. ಹೆಂಗಸರಿಗೆ ಪ್ರವೇಶವಿರಲಿಲ್ಲ. ಡೊರೊತಿ ಸೇಯರ್ಸ್‌ಳಂಥ ಲೇಖಕಿ ಲೂಯಿಸ್‌ಗೂ ವಿಲಿಯಮ್ಸ್‌ಗೂ ಸ್ನೇಹಿತೆ. ಆದರೂ ಗುರುವಾರದ ಚಹಾ ಆಕೆಯ ಪಾಲಿಗೆ ಬರಲಿಲ್ಲ. ಇಷ್ಟು ಬುದ್ಧಿವಂತರಿಗೆ ಅದೊಂದು ಕೊರತೆ ಎನಿಸದೇ ಹೋದದ್ದು ಸೋಜಿಗ.

ಓದಿದ್ದನ್ನು ಕೇಳಿ ಬೆನ್ನು ತಟ್ಟಿ ಕಳಿಸುವ ಪದ್ಧತಿ ಅಲ್ಲಿರಲಿಲ್ಲ. ಚೆನ್ನಾಗಿಲ್ಲದಿದ್ದರೆ ಚೆನ್ನಾಗಿಲ್ಲ ಎಂದು ಮುಖಕ್ಕೇ ಹೇಳುತ್ತಿದ್ದರು. ಯಾರೂ ಏನೂ ತಂದಿಲ್ಲದ ದಿನ ಹರಟೆ, ಕೆಲವೊಮ್ಮೆ ಪಂದ್ಯ. ಅಮಾಂಡಾ ರೋಸ್ ಎಂಬ ಐರಿಷ್ ಲೇಖಕಿಯ ಅತಿ ಅಲಂಕಾರದ ಕಾದಂಬರಿಯನ್ನು ನಗದೆ ಎಷ್ಟು ದೂರ ಓದುತ್ತೀಯೋ ಓದು ಎಂದು ಕೊಡುತ್ತಿದ್ದರು. ಯುದ್ಧ ಮುಗಿದ ಮೇಲೂ ಇಂಗ್ಲೆಂಡಿನಲ್ಲಿ ಪಡಿತರ ಮುಂದುವರಿದಿತ್ತಷ್ಟೆ. ಆಗ ಅಮೆರಿಕದ ಅಭಿಮಾನಿ ವೈದ್ಯನೊಬ್ಬ ಲೂಯಿಸ್‌ಗೆ ಹಂದಿಯ ತೊಡೆಮಾಂಸ ಕಳಿಸುತ್ತಿದ್ದ. ಅದು ಬಂದ ವಾರ ಹಾಜರಾತಿ ಚೆನ್ನಾಗಿರುತ್ತಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಈ ಕೋಣೆಯ ಹೆಸರು ಇಂದಿಗೂ ಉಳಿದಿರುವುದು ಮುಖ್ಯವಾಗಿ ಒಂದು ಕಾಗದದ ಕಟ್ಟಿನಿಂದ. 1937ರ ಸೆಪ್ಟೆಂಬರಿನಲ್ಲಿ ಟೋಲ್ಕಿನ್‌ನ ‘ಹಾಬಿಟ್’ ಪ್ರಕಟವಾಯಿತು, ಮಕ್ಕಳು ಮೆಚ್ಚಿದರು, ಪ್ರಕಾಶಕರು ಇನ್ನೊಂದು ಕೊಡಿ ಎಂದರು. ಡಿಸೆಂಬರಿನಲ್ಲಿ ಶುರುವಾದ ಆ ಇನ್ನೊಂದು ಮುಗಿಯಲು ಹನ್ನೆರಡು ವರ್ಷ ಹಿಡಿಯಿತು. ಬರೆಯುವವನು ಪ್ರಾಚೀನ ಇಂಗ್ಲಿಷಿನ ಪ್ರಾಧ್ಯಾಪಕ, ನಾಲ್ಕು ಮಕ್ಕಳ ತಂದೆ, ರಾತ್ರಿ ವಾಯುದಾಳಿಯ ಕಾವಲುಗಾರ. ಕಾಗದಕ್ಕೆ ಬರವಿದ್ದುದರಿಂದ ಪರೀಕ್ಷೆಯ ಹಳೆಯ ಉತ್ತರಪತ್ರಿಕೆಗಳ ಬೆನ್ನಿನ ಮೇಲೂ ಬರೆದ. ಒಂದು ಮಾತು ತಿದ್ದಿದರೆ ಹಿಂದಿನ ಹತ್ತು ಅಧ್ಯಾಯ ತಿದ್ದುವ ಸ್ವಭಾವ ಬೇರೆ. ಟೀಕೆ ಮಾಡಿದರೆ ಟೋಲ್ಕಿನ್ ಒಂದೋ ಕಿವಿಗೇ ಹಾಕಿಕೊಳ್ಳುವುದಿಲ್ಲ, ಇಲ್ಲವೇ ಎಲ್ಲವನ್ನೂ ಮೊದಲಿನಿಂದ ಬರೆಯಲು ಕೂರುತ್ತಾನೆ ಎಂದು ಲೂಯಿಸ್ ನಗೆಯಾಡುತ್ತಿದ್ದ. ಪೂರ್ತಿ ನಿಜವೇನಲ್ಲ. ಹಾಬಿಟ್‌ಗಳು ತಮ್ಮೂರಿನಲ್ಲಿ ಕೂತು ಹರಟಿದರೆ ಸ್ವಾರಸ್ಯವಿಲ್ಲ, ಅವರ ಸ್ವಭಾವಕ್ಕೆ ಒಗ್ಗದ ಸಂಕಟದಲ್ಲಿ ಸಿಕ್ಕಿಸಿದರೇ ಚೆಂದ ಎಂದು ಲೂಯಿಸ್ ಹೇಳಿದ್ದು 1938ರಲ್ಲಿ. ಟೋಲ್ಕಿನ್ ಅದನ್ನು ಒಪ್ಪಿಕೊಂಡ.

ನಡುನಡುವೆ ಕಥೆ ತಿಂಗಳುಗಟ್ಟಲೆ ನಿಂತುಬಿಡುತ್ತಿತ್ತು. ಆಗೆಲ್ಲ ಲೂಯಿಸ್ ಸಾಲಗಾರನ ಬೆನ್ನು ಬಿದ್ದ ಸಾಹುಕಾರನಂತೆ ಬೆನ್ನು ಬೀಳುತ್ತಿದ್ದ. 1944ರ ವಸಂತದಲ್ಲಿ ಟೋಲ್ಕಿನ್ ಮತ್ತೆ ಬರೆಯತೊಡಗಿ, ಫ್ರೋಡೊ ಮತ್ತು ಸ್ಯಾಮ್ ಶತ್ರುವಿನ ನಾಡಿನತ್ತ ನಡೆಯುವ ಅಧ್ಯಾಯಗಳನ್ನು ಒಂದೊಂದಾಗಿ ಲೂಯಿಸ್ ಮತ್ತು ವಿಲಿಯಮ್ಸ್ ಎದುರು ಓದಿದ. ಕೊನೆಯೆರಡನ್ನು ಕೇಳುತ್ತ ಲೂಯಿಸ್‌ಗೆ ಕಣ್ಣೀರು ಬಂದಂತಾಯಿತೆಂದು ವಾಯುಪಡೆಯ ತರಬೇತಿಗಾಗಿ ದಕ್ಷಿಣ ಆಫ್ರಿಕದಲ್ಲಿದ್ದ ಮಗ ಕ್ರಿಸ್ಟೋಫರ್‌ಗೆ ಕಾಗದ ಬರೆದ.

ಮಂಗಳವಾರ ಮಧ್ಯಾಹ್ನದ ಊಟಕ್ಕೆ ಮುಂಚೆ ಇದೇ ಗೆಳೆಯರು ‘ಈಗಲ್ ಅಂಡ್ ಚೈಲ್ಡ್’ ಎಂಬ ಪಬ್ಬಿನಲ್ಲಿ ಸೇರುತ್ತಿದ್ದರು. 1945ರ ಮೇ 15 ಅಂಥದೊಂದು ಮಂಗಳವಾರ. ಯುರೋಪಿನಲ್ಲಿ ಯುದ್ಧ ಮುಗಿದು ಒಂದು ವಾರವಾಗಿತ್ತು. ವಿಲಿಯಮ್ಸ್ ಹತ್ತಿರದ ಆಸ್ಪತ್ರೆಯಲ್ಲಿದ್ದ. ಅವನಿಗೊಂದು ಪುಸ್ತಕ ಕೊಟ್ಟು, ಗೆಳೆಯರಿಗೆ ಅವನು ಹೇಳುವ ಮಾತನ್ನು ಹೊತ್ತು ಹೋಗೋಣವೆಂದು ಲೂಯಿಸ್ ದಾರಿಯಲ್ಲಿ ಅತ್ತ ತಿರುಗಿದ. ವಿಲಿಯಮ್ಸ್ ಆಗಲೇ ತೀರಿಕೊಂಡಿದ್ದ. ಅಲ್ಲಿಂದ ಪಬ್ಬಿಗೆ ಕೆಲವೇ ನಿಮಿಷದ ನಡಿಗೆ. ಎಲ್ಲರೂ ಕಾಯುತ್ತಿದ್ದರು. ಹೇಳಬೇಕಾದವನು ಅವನೇ.

ಆ ವರ್ಷ ಕ್ರಿಸ್ಟೋಫರ್ ಹಿಂದಿರುಗಿ ಬಂದು ಗುಂಪಿಗೆ ಸೇರಿದ. ತಂದೆ ಓದುವಾಗ ಮಾತು ನುಂಗುತ್ತಿದ್ದ, ಗಡಿಬಿಡಿ ಮಾಡುತ್ತಿದ್ದ. ಮಗನ ಓದು ಸ್ಪಷ್ಟ. ಹೀಗಾಗಿ ಓದುವ ಕೆಲಸ ಅವನ ಪಾಲಿಗೆ ಬಂತು. ಅದೇ ವರ್ಷ ಹ್ಯೂಗೊ ಡೈಸನ್ ರೆಡಿಂಗ್ ಊರಿನಿಂದ ಆಕ್ಸ್‌ಫರ್ಡಿಗೇ ಬಂದು ನೆಲೆಸಿದ. ಡೈಸನ್ ಮಾತಿನ ಮಲ್ಲ, ಬಲು ಹಾಸ್ಯಗಾರ. ಆದರೆ ಓದು ಎಂದರೆ ಬೇಸರ, ಹರಟೆ ಎಂದರೆ ಪ್ರಾಣ. ಹಾಬಿಟ್‌ಗಳ ಕಥೆಯಂತೂ ಅವನಿಗೆ ಆಗದು. ಕ್ರಿಸ್ಟೋಫರ್ ಓದುತ್ತಿದ್ದರೆ ಡೈಸನ್ ಸೋಫಾದ ಮೇಲೆ ಉದ್ದಕ್ಕೆ ಬಿದ್ದುಕೊಂಡು, ಈ ಎಲ್ಫ್‌ಗಳ ಕಾಟ ಸಾಕಪ್ಪಾ ಎಂಬರ್ಥದಲ್ಲಿ ಕೂಗಾಡುತ್ತಿದ್ದನೆಂದು ಕ್ರಿಸ್ಟೋಫರ್ ಎಷ್ಟೋ ವರ್ಷದ ನಂತರ ನೆನಪಿಸಿಕೊಂಡಿದ್ದಾನೆ. 1947ರ ಹೊತ್ತಿಗೆ ಡೈಸನ್ ಬಂದರೆ ಟೋಲ್ಕಿನ್‌ನ ಕಥೆ ಬೇಡ ಎಂಬುದು ಕಟ್ಟಳೆಯಾಗಿಬಿಟ್ಟಿತು. ನಿಯಮಗಳೇ ಇಲ್ಲದ ಕೂಟದಲ್ಲಿ ಹುಟ್ಟಿದ ನಿಯಮವೆಂದರೆ ಅದೊಂದೇ! ಇದು ಅನ್ಯಾಯ ಎಂದು ವಾರ್ನಿ ತನ್ನ ದಿನಚರಿಯಲ್ಲಿ ಬರೆದುಕೊಂಡ. ಬರೆದುಕೊಂಡ ಅಷ್ಟೆ. ಟೋಲ್ಕಿನ್ ಕೂಡ ಜಗಳವಾಡಲಿಲ್ಲ. ಡೈಸನ್ ಒಳಗೆ ಬಂದೊಡನೆ ಓದು ನಿಲ್ಲುತ್ತಿತ್ತು.

ಇದರಲ್ಲಿ ಇನ್ನೊಂದು ತಿರುವು ಇದೆ. 1931ರ ಸೆಪ್ಟೆಂಬರಿನ ಒಂದು ರಾತ್ರಿ, ಇದೇ ಕಾಲೇಜಿನ ಹೊಳೆದಂಡೆಯ ಹಾದಿಯಲ್ಲಿ ಲೂಯಿಸ್, ಟೋಲ್ಕಿನ್, ಡೈಸನ್ ಮೂವರೂ ಬೆಳಗಿನ ಜಾವದವರೆಗೆ ವಾದಿಸಿದ್ದರು. ಪುರಾಣಗಳು ಎಷ್ಟು ಸುಂದರವಾದರೂ ಸುಳ್ಳು ಎಂದು ಲೂಯಿಸ್. ಅಲ್ಲ, ಪುರಾಣ ಹೇಳುವ ಸತ್ಯವನ್ನು ಬೇರೆ ಯಾವುದೂ ಹೇಳಲಾರದು ಎಂದು ಟೋಲ್ಕಿನ್. ಅಂದು ಟೋಲ್ಕಿನ್‌ನ ಪಕ್ಷ ವಹಿಸಿದವನು ಡೈಸನ್. ಲೂಯಿಸ್‌ನ ಬದುಕು ಮಗ್ಗುಲು ಬದಲಿಸಿದ್ದೇ ಆ ರಾತ್ರಿಯಿಂದ. ಹದಿನಾರು ವರ್ಷದ ನಂತರ ಅದೇ ಗೆಳೆಯ ಹೊಸದಾಗಿ ಹುಟ್ಟುತ್ತಿದ್ದ ಪುರಾಣವನ್ನು ಕೇಳಲಾರೆನೆಂದ.

ಟೋಲ್ಕಿನ್‌ನನ್ನೂ ಒಂದು ಮಾತು ಕೇಳಬೇಕಾಗುತ್ತದೆ. ಲೂಯಿಸ್ 1949ರಲ್ಲಿ ತನ್ನ ನಾರ್ನಿಯಾ ಕಥೆಯ ಮೊದಲ ಭಾಗವನ್ನು ಅವನ ಮುಂದೆ ಓದಿದಾಗ ಅವನಿಗೆ ಅದು ಹಿಡಿಸಲಿಲ್ಲ. ಗ್ರೀಕರ ವನದೇವತೆ, ಕ್ರಿಸ್‌ಮಸ್ ತಾತ, ಮಾತಾಡುವ ಪ್ರಾಣಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದದ್ದು ಅವನಿಗೆ ಕಲಬೆರಕೆ ಎನಿಸಿತು. ವರ್ಷಗಟ್ಟಲೆ ತನ್ನ ಕಥೆಯನ್ನು ಕಿವಿಗೊಟ್ಟು ಕೇಳಿದವನಿಗೆ ಅವನು ಅಷ್ಟೇ ಕಿವಿ ಕೊಡಲಿಲ್ಲ. ಇಬ್ಬರ ಸ್ನೇಹ ಆ ಹೊತ್ತಿಗೆ ಮೊದಲಿನಷ್ಟು ಬೆಚ್ಚಗಿರಲಿಲ್ಲ.

ಪಬ್ಬಿನ ಮಂಗಳವಾರಗಳು 1963ರಲ್ಲಿ ಲೂಯಿಸ್ ಸಾಯುವವರೆಗೂ ಹೇಗೋ ನಡೆದವು. ವಾರದ ದಿನ ಬದಲಾಯಿತು, ಪಬ್ಬೂ ಬದಲಾಗಿ ರಸ್ತೆಯಾಚೆಯ ಇನ್ನೊಂದಕ್ಕೆ ಹೋಯಿತು. ಹಳೆಯ ‘ಈಗಲ್ ಅಂಡ್ ಚೈಲ್ಡ್’ 2020ರಲ್ಲಿ ಬಾಗಿಲು ಹಾಕಿತು. ಗುರುವಾರದ ಓದು ಮಾತ್ರ ಬಹಳ ಮೊದಲೇ ಮುಗಿದಿತ್ತು. 1949ರ ಅಕ್ಟೋಬರಿನ ಕೊನೆಯಲ್ಲಿ ಒಂದು ಗುರುವಾರ ಊಟವಾದ ಮೇಲೆ ಯಾರೂ ಬರಲಿಲ್ಲ ಎಂದು ವಾರ್ನಿಯ ದಿನಚರಿ ಹೇಳುತ್ತದೆ. ಜಗಳವಾಗಿರಲಿಲ್ಲ, ಯಾರೂ ಬೀಳ್ಕೊಟ್ಟಿರಲಿಲ್ಲ. ಮುಂದೆ ಆ ದಿನಚರಿಯಲ್ಲಿ ಗುರುವಾರದ ಓದಿನ ಸುದ್ದಿಯೇ ಇಲ್ಲ.

‘ಲಾರ್ಡ್ ಆಫ್ ದ ರಿಂಗ್ಸ್’ 1954 ಮತ್ತು 55ರಲ್ಲಿ ಮೂರು ಸಂಪುಟಗಳಾಗಿ ಹೊರಬಂತು. ತಾಳ್ಮೆಯಿಂದ ಕೇಳಿದ ಇಂಕ್ಲಿಂಗ್ಸ್ ಗೆಳೆಯರನ್ನು ಅದರ ಮೊದಲ ಮುದ್ರಣದ ಮುನ್ನುಡಿ ನೆನೆದಿದೆ. ಆದರೆ ಕಥೆ ಪೂರ್ತಿ ಬೆರಳಚ್ಚಾಗಿದ್ದು 1949ರಲ್ಲೇ. ಆ ದೊಡ್ಡ ಕಟ್ಟನ್ನು ಟೋಲ್ಕಿನ್ ಲೂಯಿಸ್‌ಗೆ ಓದಲು ಕೊಟ್ಟಿದ್ದ. ಈ ಸಲ ಸೋಫಾ ಇಲ್ಲ, ಹೊಗೆಯಿಲ್ಲ, ನಡುವೆ ಬಾಯಿ ಹಾಕುವವರಿಲ್ಲ. ಲೂಯಿಸ್ ಒಬ್ಬನೇ ಕೂತು ಮೊದಲಿನಿಂದ ಕೊನೆಯವರೆಗೆ ಓದಿದ. ಓದಿ ಮುಗಿಸಿ, ಬಹುದಿನದ ದಾಹ ತೀರಿದವನಂತೆ ಗೆಳೆಯನಿಗೊಂದು ಪತ್ರ ಬರೆದ. ಅದೂ ಅದೇ ಅಕ್ಟೋಬರಿನ ಕೊನೆಯಲ್ಲೇ.